ಕೈತಾಳ ಮತ್ತು ಗಂಟಲು



ಪಾಪನಿವೇದನೆ ಕೇಳುವುದು ನನ್ನ ಕೆಲಸ. ಈ ತಿಂಗಳು ಮಾತ್ರ ನಿಮ್ಮೆದುರು ನಾನೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ರಾಯದುರ್ಗದಲ್ಲಿ ಕ್ರಿಸ್ತಜಯಂತಿಗಾಗಿ ಗಾನವೃಂದದ ಅಭ್ಯಾಸ ನಡೆದಿತ್ತು. ಹತ್ತು ಹನ್ನೆರಡು ಮಕ್ಕಳು, ಒಂದು ಕೀಬೋರ್ಡ್, ಒಂದು ಜೊತೆ ತಬಲ. ಆ ಮಕ್ಕಳಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಳು. ಅವಳ ತಾಯಿ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಯುತ್ತಾರೆ. ಹುಡುಗಿಯ ಗಂಟಲು ದಪ್ಪ. ಉಳಿದವರ ತೆಳು ದನಿಗಳ ನಡುವೆ ಅವಳದೊಂದೇ ಬೇರೆಯಾಗಿ ಕೇಳಿಸುತ್ತಿತ್ತು. ಹಾಡು ಕಲಿಸುತ್ತಿದ್ದವರು ನನ್ನ ಮುಖ ನೋಡಿದರು. ನಾನು ಒಂದು ಜೊತೆ ಕೈತಾಳ ಎತ್ತಿ ಅವಳಿಗೆ ಕೊಟ್ಟು, "ನೀನು ಇದನ್ನ ಹಾಕಮ್ಮ, ಹಾಡೋದನ್ನ ಅವರು ನೋಡ್ಕೊಳ್ತಾರೆ" ಎಂದೆ. ಅವಳು ಮರುಮಾತಾಡದೆ ತೆಗೆದುಕೊಂಡಳು. ಮುಂದಿನ ಅಭ್ಯಾಸಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ನಾನು ಅವಳನ್ನು ಮರೆತೆ.

ಕೆಲವು ವಾರಗಳ ನಂತರ ಮಡಕಶಿರಾದಲ್ಲಿ ಒಂದು ಮನೆ ಆಶೀರ್ವದಿಸಲು ಹೋಗಿದ್ದೆ. ಊಟವಾದ ಮೇಲೆ ಮನೆಯ ಅಜ್ಜಿ ಟಿವಿ ಹಾಕಿದರು. ಕಾಂಜೀವರಂ ಸೀರೆ, ಕೈತುಂಬ ಬಳೆ, ಹಣೆಯಲ್ಲಿ ದೊಡ್ಡ ಬೊಟ್ಟು ಇಟ್ಟುಕೊಂಡ ಹಿರಿಯ ಮಹಿಳೆಯೊಬ್ಬರು ಮೈಕ್ ಹಿಡಿದು ಸಭೆಯನ್ನೇ ಕುಣಿಸುತ್ತಿದ್ದರು. "ಏನಜ್ಜಿ, ಗಂಡಸ್ರ ದನಿ ಇದ್ದಂಗೈತೆ!" ಎಂದು ಮೊಮ್ಮಗ ನಕ್ಕ. ಅಜ್ಜಿ ಗದರಿದರು: "ಸುಮ್ನಿರೋ. ಅವರು ಉಷಾ ಉತುಪ್. ನಮ್ ಕಾಲದ ಡಿಸ್ಕೋ ರಾಣಿ. ಸ್ಕೂಲಲ್ಲಿ ಹಾಡಿನ ಕ್ಲಾಸಿಂದ ಆಚೆ ಹಾಕಿದ್ರಂತೆ ಇವರನ್ನ, ಈ ದನಿಗೆ."

ನನ್ನ ಕೈಯಲ್ಲಿದ್ದ ಮಜ್ಜಿಗೆ ಲೋಟ ಕೈಯಲ್ಲೇ ಉಳಿಯಿತು.

ಆ ರಾತ್ರಿ ಅವರ ಜೀವನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1947ರ ನವೆಂಬರಿನಲ್ಲಿ ಮುಂಬಯಿಯ ತಮಿಳು ಕುಟುಂಬವೊಂದರಲ್ಲಿ ಹುಟ್ಟಿದವರು. ತಂದೆ ಪೊಲೀಸ್ ಅಧಿಕಾರಿ. ಅಕ್ಕಂದಿರೂ ಹಾಡುಗಾರ್ತಿಯರೇ. ಮನೆಯ ರೇಡಿಯೋದಲ್ಲಿ ಹಿಂದೂಸ್ತಾನಿ, ಕರ್ನಾಟಕ, ಪಾಶ್ಚಾತ್ಯ ಸಂಗೀತ ಮೂರೂ ಕೇಳಿಬರುತ್ತಿದ್ದವು. ಓದಿದ್ದು ಬೈಕಲಾದ ಸೇಂಟ್ ಆಗ್ನೆಸ್ ಕಾನ್ವೆಂಟ್ ಶಾಲೆಯಲ್ಲಿ. ಅಲ್ಲಿನ ಸಂಗೀತ ತರಗತಿಗೆ ಅವರ ದನಿ ಹೊಂದಲಿಲ್ಲ, ಹೊರಗೆ ಕಳಿಸಿದರು. ಆದರೆ ಈ ಮಗುವಿನೊಳಗೆ ಸಂಗೀತವಿದೆ ಎಂಬುದು ಅದೇ ಶಿಕ್ಷಕಿಗೆ ತಿಳಿಯಿತು. ಹಾಡಲು ಬಿಡದಿದ್ದರೂ, ತಾಳ ಹಾಕುವ ಚಿಕ್ಕಪುಟ್ಟ ವಾದ್ಯಗಳನ್ನು ಅವಳ ಕೈಗೆ ಕೊಡುತ್ತಿದ್ದರು.

ಓದುಗರೇ, ಇಲ್ಲಿ ನಾನು ನಿಂತುಬಿಟ್ಟೆ. ಆ ಶಿಕ್ಷಕಿ ಕೊಟ್ಟದ್ದೂ ತಾಳ, ನಾನು ಕೊಟ್ಟದ್ದೂ ತಾಳ. ಅವರು ಕೊಟ್ಟದ್ದು ಮಗು ಸಂಗೀತದ ಬಳಿಯೇ ಇರಲಿ ಎಂದು. ನಾನು ಕೊಟ್ಟದ್ದು ಮಗು ಬಾಯಿ ಮುಚ್ಚಲಿ ಎಂದು.

ಸಂಗೀತವನ್ನು ಕ್ರಮವಾಗಿ ಕಲಿಯದ ಉಷಾ, ಒಂಬತ್ತನೇ ವಯಸ್ಸಿಗೆ ರೇಡಿಯೋ ಸಿಲೋನ್‌ನಲ್ಲಿ ಹಾಡಿದರು. 1969ರಲ್ಲಿ ಮದರಾಸಿನ ಸಫೈರ್ ಚಿತ್ರಮಂದಿರದ ನೆಲಮಾಳಿಗೆಯಲ್ಲಿದ್ದ 'ನೈನ್ ಜೆಮ್ಸ್' ಎಂಬ ಕ್ಲಬ್ಬಿನಲ್ಲಿ ಸೀರೆ ಉಟ್ಟೇ ಹಾಡಲು ನಿಂತರು. ನೈಟ್‌ಕ್ಲಬ್ಬಿನಲ್ಲಿ ಹಾಡುವ ಹೆಣ್ಣೆಂದರೆ ಜನರ ಕಣ್ಣಲ್ಲಿ ಒಂದು ಚಿತ್ರವಿತ್ತಲ್ಲ, ಅದಕ್ಕೆ ಈಕೆ ಹೊಂದಲೇ ಇಲ್ಲ. ಆಮೇಲೆ ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ 'ಟ್ರಿಂಕಾಸ್'. ಅಲ್ಲಿಯೇ ಕೇರಳದ ಜಾನಿ ಚಾಕೋ ಉತುಪ್ ಅವರ ಪರಿಚಯವಾಗಿ, ಮುಂದೆ ಮದುವೆಯಾಯಿತು. ಕಲ್ಕತ್ತೆಯೇ ಅವರ ಊರಾಯಿತು. ಹಣೆಯ ಬೊಟ್ಟಿನಲ್ಲಿ ಬಂಗಾಳಿಯ 'ಕ' ಅಕ್ಷರ ಧರಿಸುವುದು ಆ ಊರಿನ ಮೇಲಿನ ಪ್ರೀತಿಗೆ.

ಈ ಡಿಸ್ಕೋ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಹಿರಿಯರಿಗೆ ಆಶ್ಚರ್ಯವಾದೀತು. ಅಮೆರಿಕದ ಕಪ್ಪುಜನರ ದೇವಾಲಯಗಳಲ್ಲಿ ಎದೆತುಂಬಿ ಹಾಡುವ ಭಕ್ತಿಗೀತೆಗಳಿದ್ದವು. ಅವು 1950ರ ದಶಕದಲ್ಲಿ ಹೊರಗಿನ ಲಯಗಳೊಡನೆ ಸೇರಿ 'ಸೋಲ್' ಸಂಗೀತವಾಯಿತು. ಸೋಲ್ ಎಂದರೆ ಇಂಗ್ಲಿಷಿನಲ್ಲಿ ಆತ್ಮ. ನಮ್ಮ ಕನ್ನಡದ ಸೋಲಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ! ಆ ಸಂಗೀತದ ರಾಣಿ ಎನಿಸಿದ ಅರೀತಾ ಫ್ರ್ಯಾಂಕ್ಲಿನ್ ಒಬ್ಬ ಬ್ಯಾಪ್ಟಿಸ್ಟ್ ಬೋಧಕರ ಮಗಳು. ಹಾಡು ಶುರುಮಾಡಿದ್ದು ತಂದೆಯ ದೇವಾಲಯದಲ್ಲಿ. 1970ರ ದಶಕದಲ್ಲಿ ಸೋಲ್‌ಗೆ ಕುಣಿತದ ಲಯ ಕೂಡಿ ಡಿಸ್ಕೋ ಹುಟ್ಟಿತು. ಅದರ ದೊಡ್ಡ ಗಾಯಕಿ ಡೊನ್ನಾ ಸಮ್ಮರ್ ಕೂಡ ಬಾಲ್ಯದಲ್ಲಿ ದೇವಾಲಯದಲ್ಲಿ ಹಾಡಿದವರೇ. ಆ ಹಾಡುಗಳಿಗೆ ಬೇಕಾದದ್ದು ತುಂಬಿದ ಗಂಟಲು, ಸಣ್ಣ ಕೊಳಲಿನಂಥ ದನಿಯಲ್ಲ.

ಬಪ್ಪಿ ಲಹಿರಿಯವರು ಹಿಂದಿ ಚಿತ್ರಗಳಿಗೆ ಡಿಸ್ಕೋ ತಂದಾಗ ಅವರಿಗೆ ಬೇಕಾದದ್ದು ಇಂಥದೇ ಗಂಟಲು. 1980ರ 'ಪ್ಯಾರಾ ದುಷ್ಮನ್', 1981ರ 'ಅರ್ಮಾನ್', 1982ರ 'ಡಿಸ್ಕೋ ಡ್ಯಾನ್ಸರ್' ಚಿತ್ರಗಳಿಗೆ ಉಷಾ ಹಾಡಿದರು. ನಮ್ಮ ಕಡೆಯ ಮದುವೆ ಮನೆಗಳ ಲೌಡ್‌ಸ್ಪೀಕರುಗಳಲ್ಲೂ ಆ ಹಾಡುಗಳು ಮೊಳಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶಾಲೆಯಲ್ಲಿ ದೋಷವೆನಿಸಿದ ದನಿಯನ್ನು ಈಗ ಹುಡುಕಿಕೊಂಡು ಬರುತ್ತಿದ್ದರು.

ದಾರಿ ಸುಗಮವಾಗಿತ್ತೆಂದು ತಿಳಿಯಬೇಡಿ. ಅದೇ ದಶಕದ ಆರಂಭದ ವರ್ಷಗಳಲ್ಲಿ ಪಶ್ಚಿಮ ಬಂಗಾಳದ ಸಚಿವರೊಬ್ಬರು, ಇವರ ಹಾಡು ಸಂಸ್ಕೃತಿ ಕೆಡಿಸುತ್ತದೆ ಎಂದು ಸರ್ಕಾರಿ ಸಭಾಂಗಣಗಳ ಬಾಗಿಲು ಮುಚ್ಚಿಸಿದರು. ಉಷಾ ಊರು ಬಿಡಲಿಲ್ಲ, ನ್ಯಾಯಾಲಯಕ್ಕೆ ಹೋಗಿ ಗೆದ್ದರು. 2011ರಲ್ಲಿ ಪದ್ಮಶ್ರೀ, 2024ರಲ್ಲಿ ಪದ್ಮಭೂಷಣ ಬಂತು. ಕನ್ನಡವೂ ಸೇರಿ 15ಕ್ಕೂ ಹೆಚ್ಚು ಭಾರತೀಯ ಭಾಷೆಗಳಲ್ಲಿ ಹಾಡಿದ್ದಾರೆ.

ಅದೇ ಕಲ್ಕತ್ತೆಯಲ್ಲಿ ಮದರ್ ತೆರೇಸಾ ಇದ್ದರು. ಉಷಾ ಅವರನ್ನು ಹತ್ತಿರದಿಂದ ಬಲ್ಲವರು. 2016ರ ಸೆಪ್ಟೆಂಬರ್ 4ರಂದು ತೆರೇಸಮ್ಮನವರಿಗೆ ಸಂತಪದವಿ ಘೋಷಣೆಯಾದ ಸಂದರ್ಭದಲ್ಲಿ ರೋಮಿಗೆ ಹೋಗಿ ಹಾಡಿದವರಲ್ಲಿ ಇವರೂ ಒಬ್ಬರು. ಕಾನ್ವೆಂಟ್ ಶಾಲೆಯ ಹಾಡಿನ ತರಗತಿಗೆ ಹೊಂದದ ದನಿ ಸಂತರ ಹಬ್ಬಕ್ಕೆ ಹೊಂದಿತು!

ಇದನ್ನೆಲ್ಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಮಾರನೆಯ ಸಂಜೆ ಆ ಹುಡುಗಿಯ ಮನೆಗೆ ಹೋದೆ. ತಾಯಿ ಮೆಷಿನ್ ನಿಲ್ಲಿಸಿ, "ಕೂತ್ಕೊಳ್ಳಿ ಫಾದರ್" ಎಂದು ಪ್ಯಾಂಟುಗಳ ರಾಶಿ ಸರಿಸಿ ಕುರ್ಚಿ ಹಾಕಿದರು. "ಅಭ್ಯಾಸಕ್ಕೆ ಯಾಕಮ್ಮ ಬರ್ತಿಲ್ಲ?" ಎಂದೆ. "ನನ್ ಗಂಟ್ಲು ಸರಿಯಿಲ್ಲ ಅಂತ ಗೊತ್ತಾಯ್ತಲ್ಲ ಫಾದರ್" ಎಂದಳು, ನೆಲ ನೋಡುತ್ತಾ. "ಸರಿಯಿಲ್ಲದ್ದು ನನ್ನ ಕಿವಿ, ಕ್ಷಮಿಸಮ್ಮ" ಎಂದೆ. ಬರುತ್ತೇನೆ ಎನ್ನಲಿಲ್ಲ. "ನೋಡ್ತೀನಿ ಫಾದರ್" ಎಂದಷ್ಟೇ ಹೇಳಿದಳು. ಆ ಮಾತಿಗೆ ನಾನು ಅರ್ಹನೇ.

ಎರಡು ವಾರ ಬಿಟ್ಟು ಬಂದಳು. ಹಿಂದಿನ ಸಾಲಿನಲ್ಲಿ ನಿಂತಳು. ಈ ಸಲ ನಾವು ಒಂದು ಕೆಲಸ ಮಾಡಿದೆವು: ಕೀಬೋರ್ಡಿನಲ್ಲಿ ಶ್ರುತಿ ಸ್ವಲ್ಪ ಇಳಿಸಿದೆವು. ಅಷ್ಟೇ! ಅವಳ ದನಿ ತನ್ನ ಜಾಗ ಕಂಡುಕೊಂಡಿತು. ಆ ಭಾನುವಾರ ಇನ್ನೊಂದು ವಿಷಯ ಗಮನಿಸಿದೆ. ಪೂಜೆಯಲ್ಲಿ ಸದಾ ಬಾಯಿ ಬಿಗಿದು ನಿಲ್ಲುತ್ತಿದ್ದ ಗಂಡಸರು ಕೂಡ ಹಾಡುತ್ತಿದ್ದರು. ಅವರಿಗೆ ಭಕ್ತಿ ಸಾಲದೆಂದು ನಾನು ಎಷ್ಟೋ ಸಲ ಪ್ರಬೋಧನೆಯಲ್ಲಿ ಚುಚ್ಚಿದ್ದುಂಟು. ಶ್ರುತಿಯೇ ಅವರಿಗೆ ಎಟುಕುತ್ತಿರಲಿಲ್ಲ ಎಂಬುದು ಈ ಮಗುವಿನಿಂದ ತಿಳಿಯಿತು.

ತಲಾಂತುಗಳ ಸಾಮತಿಯಲ್ಲಿ ತನ್ನ ತಲಾಂತನ್ನು ತಾನೇ ಹೂತಿಟ್ಟ ಆಳಿನ ಬಗ್ಗೆ ಕೇಳಿದ್ದೇವೆ. ಬೇರೆಯವರ ತಲಾಂತಿನ ಮೇಲೆ ಮಣ್ಣೆಳೆಯುವ ನನ್ನಂಥವರೂ ಇದ್ದೇವೆ. ನಿಮ್ಮ ಮನೆಯಲ್ಲಿ "ನಿನಗದು ಹೊಂದಲ್ಲ ಬಿಡು" ಎಂಬ ಮಾತು ಕೇಳಿ ಸುಮ್ಮನಾದ ಮಗು ಯಾವುದು? ಈ ವಾರ ಅದನ್ನು ಹತ್ತಿರ ಕೂರಿಸಿಕೊಂಡು ಒಮ್ಮೆ ಕೇಳಿಸಿಕೊಳ್ಳಿ. ಇಳಿಸಬೇಕಾದದ್ದು ನಿಮ್ಮ ಶ್ರುತಿಯೇ ಇರಬಹುದು.