ಪೊರಕೆ ಕೊಟ್ಟೆವು, ಪ್ರಶ್ನೆ ಕೇಳಲು ಜಾಗ ಕೊಡಲಿಲ್ಲ

ಕಾಶಿಯ ಅಸ್ಸಿ ಘಾಟಿನಲ್ಲಿ ಶಾಲಾ ಮಕ್ಕಳ ಸ್ವಚ್ಛತಾ ಜಾಥಾ ಹೊಸ ದೃಶ್ಯವೇನಲ್ಲ. ಕಳೆದ ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ನನ್ನ ಮಗಳೂ ಫಲಕ ಹಿಡಿದು ಹೋಗಿದ್ದಳು. ಮಕ್ಕಳು ಮೆಟ್ಟಿಲು ಗುಡಿಸಿದರು, ಘೋಷಣೆ ಕೂಗಿದರು, ಫೋಟೊ ಆಯಿತು. ಮನೆಗೆ ಬಂದವಳು ಕೇಳಿದಳು: ‘ಅಪ್ಪಾ, ನಾವು ಹೂವು, ಪ್ಲಾಸ್ಟಿಕ್ ಹೆಕ್ಕಿದೆವು. ನಮ್ಮ ಬೀದಿಯ ಚರಂಡಿ ಹೋಗಿ ಸೇರುವುದು ಎಲ್ಲಿಗೆ? ಅದರ ಬಗ್ಗೆ ಯಾರೂ ಯಾಕೆ ಮಾತಾಡಲಿಲ್ಲ?’

ವರುಣಾ ಮತ್ತು ಅಸ್ಸಿ ನದಿಗಳ ನಡುವಿನ ಊರಾದ್ದರಿಂದ ಇದು ವಾರಾಣಸಿ ಎನ್ನುತ್ತಾರೆ. ಆ ಅಸ್ಸಿಯನ್ನು ಇಂದು ಊರವರು ಕರೆಯುವುದೇ ‘ಅಸ್ಸಿ ನಾಲಾ’ ಎಂದು. ಗಂಗಾ ಕ್ರಿಯಾ ಯೋಜನೆ 1986ರಲ್ಲಿ ಉದ್ಘಾಟನೆಯಾದದ್ದು ಇದೇ ಊರಿನಲ್ಲಿ. ಆಗ ಹುಟ್ಟಿದವರ ಮಕ್ಕಳು ಈಗ ಫಲಕ ಹಿಡಿಯುತ್ತಿದ್ದಾರೆ.

ಮಗಳೂ ಅವಳ ನಾಲ್ವರು ಗೆಳತಿಯರೂ ಮುಂದಿನ ಎರಡು ಭಾನುವಾರ ನೋಟ್‌ಪುಸ್ತಕ ಹಿಡಿದು ನಮ್ಮ ಸುತ್ತಲಿನ ಮೂರು ಗಲ್ಲಿ ತಿರುಗಿದರು. ಎಷ್ಟು ಕಡೆ ಚರಂಡಿ ತೆರೆದಿದೆ, ಕಸದ ಗಾಡಿ ವಾರಕ್ಕೆ ಎಷ್ಟು ಸಲ ಬರುತ್ತದೆ ಎಂದು ಬರೆದುಕೊಂಡರು. ಪಟ್ಟಿಯ ಕೊನೆಯ ಸಾಲು ನಾನು ನಿರೀಕ್ಷಿಸದೇ ಇದ್ದದ್ದು: ‘ಚರಂಡಿ ಕಟ್ಟಿದಾಗ ಬರುವ ಭಯ್ಯಾ ಬರಿಗೈಯಲ್ಲಿ ಹೂಳು ಎತ್ತುತ್ತಾರೆ. ಗ್ಲೌಸ್ ಇಲ್ಲ, ಬೂಟು ಇಲ್ಲ.’ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಬರಿಗೈಯ ಆ ಮನುಷ್ಯನನ್ನು ದಿನವೂ ದಾಟಿಹೋಗುವ ನಾನು ಒಮ್ಮೆಯೂ ನೋಡಿರಲಿಲ್ಲ.

ಮಕ್ಕಳು ಪಟ್ಟಿಯನ್ನು ಪತ್ರವಾಗಿ ಬರೆದರು. ಶಾಲೆಯಲ್ಲಿ, ‘ಚೆನ್ನಾಗಿದೆ, ವಾರ್ಷಿಕೋತ್ಸವಕ್ಕೆ ಪೋಸ್ಟರ್ ಮಾಡಿ’ ಎಂದರು. ಕಚೇರಿಯೊಂದರಲ್ಲಿ ಬೆನ್ನು ತಟ್ಟಿ, ಫೋಟೊ ತೆಗೆಸಿಕೊಂಡು ಕಳುಹಿಸಿದರು. ಯಾರೂ ಬೈಯಲಿಲ್ಲ. ಯಾರೂ ಪತ್ರವನ್ನು ತೆಗೆದುಕೊಳ್ಳಲೂ ಇಲ್ಲ. ಅದು ಈಗಲೂ ನಮ್ಮ ಮನೆಯ ಫ್ರಿಜ್ಜಿನ ಮೇಲಿದೆ.

ಆ ಪತ್ರ ನೋಡಿದಾಗಲೆಲ್ಲ ನನಗೆ ಕುಂದಾಪುರದ ಕೆರಾಡಿ ನೆನಪಾಗುತ್ತದೆ. ದುಡಿಯುವ ಮಕ್ಕಳೇ ಕಟ್ಟಿಕೊಂಡ ‘ಭೀಮ ಸಂಘ’ 1990ರಲ್ಲಿ ಶುರುವಾದದ್ದು ಕರ್ನಾಟಕದಲ್ಲಿ. ಅದರ ಮುಂದುವರಿಕೆಯಾಗಿ 1995ರಲ್ಲಿ ಕೆರಾಡಿಯಲ್ಲಿ ಮಕ್ಕಳು ತಮ್ಮದೇ ಪಂಚಾಯಿತಿ ಆರಿಸಿಕೊಂಡರು. 2006ರ ಹೊತ್ತಿಗೆ ಸರ್ಕಾರವೇ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿತು. ಹಳ್ಳ ದಾಟಲು ಕಾಲುಸಂಕ, ಶಾಲೆಗೆ ಶೌಚಾಲಯ, ಹೊತ್ತಿಗೆ ಸರಿಯಾಗಿ ಬಸ್ಸು: ಇಂಥ ಬೇಡಿಕೆಗಳನ್ನು ಮಕ್ಕಳು ಅಲ್ಲಿ ಎದ್ದು ನಿಂತು ಹೇಳಬಹುದು. ಎದುರಿಗೆ ಅಧ್ಯಕ್ಷರು, ಪಿಡಿಒ ಕೂತಿರುತ್ತಾರೆ.

ಎಲ್ಲ ಕಡೆ ಇದು ಚೆನ್ನಾಗಿ ನಡೆಯುತ್ತದೆಂದು ಊರಿನ ಅಭಿಮಾನದಿಂದ ಹೇಳಲಾರೆ. ಭಾಷಣ, ಸಿಹಿ, ವರದಿಗೊಂದು ಫೋಟೊ, ಇಷ್ಟಕ್ಕೇ ಮುಗಿಯುವ ಸಭೆಗಳೂ ಉಂಟು. ಆದರೂ ಅಲ್ಲೊಂದು ಕುರ್ಚಿ ಇದೆ, ಉತ್ತರ ಹೇಳಬೇಕಾದವರು ಅದರಲ್ಲಿ ಕೂರಬೇಕು. ಹಳ್ಳಿಯ ಮಕ್ಕಳಿಗಾಗಿ ಬಂದ ಈ ಏರ್ಪಾಡು ನಗರದ ಮಕ್ಕಳಿಗೆ ದಕ್ಕಿಲ್ಲ. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ವರ್ಷಕ್ಕೊಂದು ದಿನ ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟರೆ ಖರ್ಚೇನೂ ಆಗುವುದಿಲ್ಲ.

ಮಕ್ಕಳಿಗೇನು ತಿಳಿಯುತ್ತದೆ ಎನ್ನುವವರಿಗೆ ಇದೇ ಕಾಶಿಯ ವೀರಭದ್ರ ಮಿಶ್ರರನ್ನು ನೆನಪಿಸುತ್ತೇನೆ. ಸಂಕಟಮೋಚನ ದೇವಸ್ಥಾನದ ಮಹಾಂತರಾಗಿದ್ದ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಹೌದು. 1982ರಲ್ಲಿ ಸ್ವಚ್ಛ ಗಂಗಾ ಅಭಿಯಾನ ಆರಂಭಿಸಿದ ಅವರು ಗಂಗೆಗೆ ಕೈಮುಗಿದು ಸುಮ್ಮನಾಗಲಿಲ್ಲ. ತುಳಸಿ ಘಾಟಿನಲ್ಲಿ ಪ್ರಯೋಗಾಲಯ ಇಟ್ಟು ನೀರನ್ನು ಅಳೆಸಿದರು. ಸ್ನಾನದ ನೀರಿನ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ 2,500 ಮೀರಬಾರದು ಎಂಬುದು ನಿಯಮ. ಅಳತೆ ಕೈಯಲ್ಲಿದ್ದರೆ ವಾದಕ್ಕೆ ಬಲ ಬರುತ್ತದೆ. ಐವರು ಹುಡುಗಿಯರು ಮೂರು ಗಲ್ಲಿಯಲ್ಲಿ ಮಾಡಿದ್ದೂ ಅಳತೆಯನ್ನೇ.

ಹೊರನಾಡಿನಲ್ಲಿರುವ ನಾವು ಒಂದು ಕೆಲಸ ಮಾಡಬಹುದು. ನವೆಂಬರಿನಲ್ಲಿ ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ, ಮಕ್ಕಳ ದಿನವೂ ಅದೇ ತಿಂಗಳು. ಮಕ್ಕಳಿಂದ ನೃತ್ಯ, ಹಾಡು ಇರಲಿ. ಅದರ ಜೊತೆ ಅರ್ಧ ಗಂಟೆ ಅವರ ಪ್ರಶ್ನೆಗಳಿಗೆ ಮೀಸಲಿಡೋಣ. ಶಾಲು ಹೊದಿಸಲು ಹೇಗೂ ಸ್ಥಳೀಯ ಅಧಿಕಾರಿಯನ್ನು, ಪಾಲಿಕೆ ಸದಸ್ಯರನ್ನು ಕರೆಯುತ್ತೇವೆ. ಶಾಲು ಹೊದಿಸುವ ಮೊದಲು ಮಕ್ಕಳ ಪತ್ರವನ್ನು ಅವರ ಕೈಗೆ ಕೊಡಿಸೋಣ. ಮುಂದಿನ ನವೆಂಬರಿನಲ್ಲಿ ‘ಅದೇನಾಯಿತು?’ ಎಂದು ಅದೇ ಮಕ್ಕಳು ಕೇಳಲಿ.

ಫ್ರಿಜ್ಜಿನ ಮೇಲಿನ ಪತ್ರವನ್ನು ಈ ಸಲ ನಾನೂ ಜೊತೆಗೆ ಹೋಗಿ ಕೊಡಿಸುತ್ತೇನೆ. ಸ್ವೀಕೃತಿಯ ಮೊಹರು ಬೀಳುವವರೆಗೆ ಅಲ್ಲಿಂದ ಏಳುವುದಿಲ್ಲವೆಂದು ಮಗಳು ಹೇಳಿದ್ದಾಳೆ. ಅವಳ ಪಕ್ಕದಲ್ಲಿ ಕೂರುವುದಷ್ಟೇ ನನ್ನ ಕೆಲಸ.