ಕ್ಯಾನ್ಸರ್ ನೋವು: ಮಾರ್ಫಿನ್ ಅಂದರೆ ಡಾಕ್ಟರುಗಳಿಗೂ ಭಯ

ನಾನು ಹೃದ್ರೋಗ ತಜ್ಞ, ಕ್ಯಾನ್ಸರ್ ನನ್ನ ವಿಭಾಗವಲ್ಲ. ಆದರೂ ಒಂದು ವಿಷಯ ಹೇಳಲೇಬೇಕು.

ಹಾರ್ಟ್ ಅಟ್ಯಾಕ್ ಆಗಿ ತಡೆಯಲಾರದ ಎದೆನೋವಿನಿಂದ ಬಂದವರಿಗೆ ನಾವು ಮಾರ್ಫಿನ್ ಇಂಜೆಕ್ಷನ್ ಕೊಡುತ್ತೇವೆ. "ಚಟ ಹತ್ತುತ್ತಾ ಡಾಕ್ಟ್ರೇ?" ಎಂದು ಮನೆಯವರು ಯಾರೂ ನನ್ನನ್ನು ಕೇಳಿಲ್ಲ. ಅದೇ ಮಾರ್ಫಿನ್ ಮಾತ್ರೆಯನ್ನು ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಬರೆಯಬೇಕೆಂದರೆ ಡಾಕ್ಟರೂ ಹಿಂಜರಿಯುತ್ತಾರೆ, ಮನೆಯವರೂ ಗಾಬರಿಯಾಗುತ್ತಾರೆ.

ಕಾರಣ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯ ನಂತರ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸು ಬೇಕಾಯಿತು, ರಾಜ್ಯಕ್ಕೊಂದು ನಿಯಮ. ಸಹವಾಸವೇ ಬೇಡ ಎಂದು ಎಷ್ಟೋ ಆಸ್ಪತ್ರೆಗಳು ಬಿಟ್ಟವು. 2014ರ ತಿದ್ದುಪಡಿ ಬಂದ ಮೇಲೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದರೆ ಸಾಕು. ಕಾನೂನು ಸಡಿಲವಾಯಿತು, ನಮ್ಮ ಭಯ ಸಡಿಲವಾಗಲಿಲ್ಲ. ನಾನು ಎಂಬಿಬಿಎಸ್ ಓದುವಾಗ ಮಾರ್ಫಿನ್ ಉಸಿರು ನಿಲ್ಲಿಸಬಹುದು ಎಂದು ಕಲಿಸಿದರು. ಸ್ವಲ್ಪ ಸ್ವಲ್ಪವೇ ಏರಿಸಿ ನೋವು ಹಿಡಿತಕ್ಕೆ ತರುವುದು ಹೇಗೆಂದು ಕಲಿಸಲಿಲ್ಲ. ಇದು ನಮ್ಮ ತಪ್ಪು, ರೋಗಿಯದ್ದಲ್ಲ.

ಊರು ಬಿಟ್ಟು ಬಂದ ನಮಗೆ ಭಾಷೆಯೂ ಅಡ್ಡಿ. ಕಲಬುರಗಿ ಕಡೆಯ ಹಿರಿಯರೊಬ್ಬರು ಮುಂಬೈಯಲ್ಲಿ ಮಗನ ಮನೆಯಲ್ಲಿದ್ದು ಚಿಕಿತ್ಸೆ ಪಡೆಯುತ್ತಿದ್ದರು. ಕಿಮೋಗೆ ಮುಂಚೆ ಎಕೋ ಮಾಡಿಸಲು ನನ್ನ ಬಳಿ ಬಂದರು. ಫೈಲಿನಲ್ಲಿ ನೋವು ಹತ್ತಕ್ಕೆ ಮೂರು ಎಂದಿತ್ತು. "ಕಾಕಾ, ಬ್ಯಾನಿ ಹ್ಯಾಂಗ ಅದ?" ಎಂದೆ. "ಕಾಲಾಗ ಬೆಂಕಿ ಇಟ್ಟಂಗ ಆಗ್ತದರಿ, ರಾತ್ರಿ ನಿದ್ದಿನೇ ಇಲ್ಲ" ಎಂದರು. ರಜೆ ಹಾಕಿ ಓಡಾಡುತ್ತಿದ್ದ ಮಗನಿಗೂ ಹೇಳಿರಲಿಲ್ಲ. ಈ ತರಹದ ಉರಿ ಹೆಚ್ಚಾಗಿ ನರದ ನೋವು, ಅದಕ್ಕೆ ಬೇರೆ ಮಾತ್ರೆಯೂ ಬೇಕಾಗುತ್ತದೆ. "ಠೀಕ್ ಹೈ" ಎಂದಷ್ಟೇ ಕೇಳಿದ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು?

ಆದ್ದರಿಂದ ಜೊತೆಗೆ ಹೋಗುವವರು ಹಿಂದಿನ ರಾತ್ರಿ ಮನೆಯಲ್ಲೇ ಕನ್ನಡದಲ್ಲಿ ಕೇಳಿ: ಉರಿಯೋ, ಚುಚ್ಚುತ್ತದೋ, ಸೆಳೆತವೋ, ಯಾವ ಹೊತ್ತಿಗೆ ಹೆಚ್ಚು? ಬರೆದುಕೊಂಡು ಹೋಗಿ. ನೋವು ತಗ್ಗದಿದ್ದರೆ ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಕಳಿಸಿ ಎಂದು ಕೇಳಿ. ಅದು ಕೊನೆಗಾಲದವರಿಗೆ ಮಾತ್ರ ಅಲ್ಲ, ಕಿಮೋ ನಡೆಯುವಾಗಲೂ ಹೋಗಬಹುದು.

ಮಾರ್ಫಿನ್ ಬರೆದುಕೊಟ್ಟರೆ ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ, ನೋವು ಬರಲಿ ಎಂದು ಕಾಯಬೇಡಿ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ಅದರ ಔಷಧಿಯನ್ನೂ ಅಂದೇ ಬರೆಸಿಕೊಳ್ಳಿ. ವಿಪರೀತ ಮಂಪರು ಬಂದರೆ, ಉಸಿರು ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಊರಿಗೆ ಹೊರಡುವ ಮೊದಲು ಅಲ್ಲಿಗೆ ಹತ್ತಿರದಲ್ಲಿ ಮಾತ್ರೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಇಲ್ಲಿನ ಡಾಕ್ಟರನ್ನೇ ಕೇಳಿ. ಎಲ್ಲ ಮೆಡಿಕಲ್ ಶಾಪಿನಲ್ಲೂ ಅದು ಸಿಗುವುದಿಲ್ಲ.