ಎರಡು ಗುಡ್ಡ, ನಡುವೊಬ್ಬ ಸೂರ್ಯ: ಈ ಚಿತ್ರಕ್ಕೆ ಬಹುಮಾನ ಸಾಕು

ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೂ ಮಕ್ಕಳ ಚಿತ್ರಸ್ಪರ್ಧೆಗಳಿಗೆ ನನ್ನನ್ನು ತೀರ್ಪುಗಾರನಾಗಿ ಕರೆಯುತ್ತಾರೆ. ಖುಷಿಯಿಂದಲೇ ಹೋಗುತ್ತೇನೆ. ಹಾಳೆಗಳ ಕಟ್ಟು ಬಿಚ್ಚಿದಾಗ ಮಾತ್ರ ಸಂಕಟವಾಗುತ್ತದೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲೊಂದು ಗುಡಿಸಲು, ಬಾಗಿದ ತೆಂಗಿನಮರ. ಕಣ್ಣು ಹಾಯಿಸಿದಷ್ಟೂ ಎರೆಹೊಲವೇ ಇರುವ ಊರಿನ ಮಕ್ಕಳೂ ಅದೇ ಗುಡ್ಡ ತೆಗೆದಿರುತ್ತಾರೆ. ಈಚೆಗೆ ಮೊಬೈಲಿನಿಂದ ಇನ್ನೊಂದು ಬಂದು ಸೇರಿಕೊಂಡಿದೆ: ದುಂಡು ಚಂದ್ರ, ಅದರೆದುರು ಕೊಂಬೆಯ ಮೇಲೆ ಕೂತ ಜೋಡಿಹಕ್ಕಿಯ ಕಪ್ಪು ನೆರಳು, ಹಿಂದೆ ಟಿಶ್ಯೂ ಕಾಗದದಿಂದ ಉಜ್ಜಿ ನಯ ಮಾಡಿದ ನೀಲಿ-ನೇರಳೆ ಆಕಾಶ. ಮೊದಲ ಬಹುಮಾನ ಹೆಚ್ಚಾಗಿ ಅದಕ್ಕೇ. ಇದನ್ನು ನಿಲ್ಲಿಸಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಕಾರಣ ಆ ಮಕ್ಕಳ ಕೈಯಲ್ಲಿರುವ ಬಣ್ಣದ ಕಡ್ಡಿಯ ಚರಿತ್ರೆಯಲ್ಲೇ ಇದೆ.

ನಾವು ಒಟ್ಟಾರೆ ಕ್ರೇಯಾನ್ ಎಂದು ಕರೆಯುವ ಕಡ್ಡಿಗಳಲ್ಲಿ ಮೆತ್ತಗಿನದು ಆಯಿಲ್ ಪೇಸ್ಟಲ್. ಅದು ಹುಟ್ಟಿದ್ದು ಜಪಾನಿನಲ್ಲಿ, ನಕಲಿನ ವಿರುದ್ಧ ಎದ್ದ ಒಂದು ಚಳವಳಿಯ ಬೆನ್ನಿಗೆ. ಯಾಮಾಮೊಟೊ ಕಾನಾಯೆ ಎಂಬ ಮರದಚ್ಚಿನ ಕಲಾವಿದ 1912ರಲ್ಲಿ ಫ್ರಾನ್ಸಿಗೆ ಹೋಗಿ, 1916ರಲ್ಲಿ ರಷ್ಯಾದ ಮೂಲಕ ಊರಿಗೆ ಮರಳುವಾಗ ಮಾಸ್ಕೋದಲ್ಲಿ ಮಕ್ಕಳ ಚಿತ್ರಗಳನ್ನು ಕಂಡ. ಆಗ ಜಪಾನಿನ ಶಾಲೆಗಳಲ್ಲಿ ಚಿತ್ರದ ತರಗತಿ ಎಂದರೆ ಪಠ್ಯಪುಸ್ತಕದಲ್ಲಿ ಅಚ್ಚಾದ ಮಾದರಿಯನ್ನು ಗೆರೆಗೆ ಗೆರೆ ತೆಗೆಯುವುದು. ಆತ 1919ರಲ್ಲಿ ನಾಗಾನೊ ಪ್ರಾಂತ್ಯದ ಒಂದು ಹಳ್ಳಿ ಶಾಲೆಯಲ್ಲಿ, ಮಕ್ಕಳು ತಾವೇ ಕಂಡು ತೆಗೆದ ಚಿತ್ರಗಳ ಪ್ರದರ್ಶನ ಏರ್ಪಡಿಸಿದ. ಅದನ್ನು ‘ಜಿಯುಗ’, ಅಂದರೆ ಸ್ವತಂತ್ರ ಚಿತ್ರ, ಎಂದು ಕರೆದ.

ಆ ವಿಚಾರಕ್ಕೆ ಮನಸೋತವರು ರಿಂಜೊ ಸತಾಕೆ ಮತ್ತು ಶುಕು ಸಸಾಕಿ. ಮಕ್ಕಳು ಸ್ವತಂತ್ರವಾಗಿ ತೆಗೆಯಬೇಕಾದರೆ ಅದಕ್ಕೆ ತಕ್ಕ ಬಣ್ಣ ಬೇಕಲ್ಲ! ಬರೀ ಮೇಣದ ಕ್ರೇಯಾನ್ ಗಡುಸು. ಕಾಗದದ ಮೇಲೆ ಜಾರುತ್ತದೆ, ಒಂದರ ಮೇಲೊಂದು ಕೂರುವುದಿಲ್ಲ. ಒಣ ಪೇಸ್ಟಲ್ ಪುಡಿಯಾಗಿ ಉದುರುತ್ತದೆ, ಬೆಲೆಯೂ ಜಾಸ್ತಿ. 1921ರಲ್ಲಿ ಕಂಪನಿ ಶುರು ಮಾಡಿದ ಅವರು 1924-25ರ ಹೊತ್ತಿಗೆ ಮೇಣಕ್ಕೆ ಎಣ್ಣೆ ಬೆರೆಸಿ ಎರಡರ ನಡುವಿನ ಕಡ್ಡಿಯೊಂದನ್ನು ತಯಾರಿಸಿದರು. ಮೊದಮೊದಲು ಬೇಸಿಗೆಗೆ ಗಡುಸಿನದು, ಚಳಿಗಾಲಕ್ಕೆ ಮೆತ್ತಗಿನದು ಎಂದು ಬೇರೆ ಬೇರೆ ಮಾರುತ್ತಿದ್ದರಂತೆ. ಮಗುವಿನ ಕೈ ತಡೆಯಬಾರದೆಂದು ಎಷ್ಟು ತಲೆ ಕೆಡಿಸಿಕೊಂಡಿದ್ದರು ನೋಡಿ. ಪಿಕಾಸೊ ಮತ್ತು ಅವನ ಗೆಳೆಯ ಗೋಟ್ಜ್ ಕೇಳಿದ್ದರಿಂದ ಪ್ಯಾರಿಸಿನ ಬಣ್ಣದ ಕಂಪನಿ ಸೆನೆಲಿಯೆ ಇದನ್ನು ದೊಡ್ಡ ಕಲಾವಿದರಿಗಾಗಿ ತಯಾರಿಸಿದ್ದು 1949ರಲ್ಲಿ, ಆಮೇಲೆ.

ಈ ಕಡ್ಡಿ ಏನೆಲ್ಲ ಮಾಡಬಲ್ಲದು ಎಂಬುದನ್ನು ಮಕ್ಕಳೇ ನನಗೆ ತೋರಿಸಿದ್ದಾರೆ. ಹಾಳೆ ತುಂಬ ಹಳದಿ, ಕೆಂಪು, ಹಸಿರು ತಿಕ್ಕಿ, ಮೇಲೆ ಕಪ್ಪು ಬಳಿದು, ಜಾಲಿಮುಳ್ಳಿನಿಂದ ಕೆರೆದರೆ ಒಳಗಿನ ಬಣ್ಣ ಗೆರೆಯಾಗಿ ಹೊಳೆಯುತ್ತದೆ. ಬಿಳಿ ಕಡ್ಡಿಯಿಂದ ಬರೆದು ನೀರುಬಣ್ಣ ಹಾಯಿಸಿದರೆ ಮೇಣ ನೀರನ್ನು ತಳ್ಳುತ್ತದೆ. ಬರೆದದ್ದು ಎದ್ದು ಬರುತ್ತದೆ. ಅರಳಿ ಎಲೆಯ ಮೇಲೆ ಕಾಗದವಿಟ್ಟು ಮುರಿದ ತುಂಡನ್ನು ಅಡ್ಡ ಹಿಡಿದು ತಿಕ್ಕಿದರೆ ನರವೆಲ್ಲ ಮೂಡುತ್ತದೆ. ನನ್ನ ತರಗತಿಯಲ್ಲಿ ಮುರಿದ ತುಂಡುಗಳ ಡಬ್ಬಿಗೇ ಕಿತ್ತಾಟ ಹೆಚ್ಚಿತ್ತು.

ಆರನೇ ತರಗತಿಯ ಹುಡುಗಿಯೊಬ್ಬಳು ಸ್ಪರ್ಧೆಯೊಂದರಲ್ಲಿ ಉಳ್ಳಾಗಡ್ಡಿ ರಾಶಿ ತೆಗೆದಳು. ರಾಶಿಯ ಮೇಲೆ ಅವಳಪ್ಪ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದಾನೆ. ಮಾರ್ಕೆಟ್ಟಿನಲ್ಲಿ ಲಿಲಾವು ಆಗುವತನಕ ಕಾಯುವವರು ಹಾಗೆಯೇ ಮಲಗುತ್ತಾರೆ. ಗುಲಾಬಿಯ ಮೇಲೆ ಕಂದು ತಿಕ್ಕಿ, ಉಗುರಿನಿಂದ ಕೆರೆದು, ಒಣಸಿಪ್ಪೆ ಸುಲಿದಂತೆ ಮಾಡಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಜೊತೆಗಿದ್ದ ತೀರ್ಪುಗಾರರು ‘ಫಿನಿಶಿಂಗ್ ಇಲ್ಲ’ ಎಂದು ಪಕ್ಕಕ್ಕಿಟ್ಟರು. ನಾನು ವಾದ ಮಾಡಿದೆ, ಸೋತೆ. ಬಹುಮಾನ ಜೋಡಿಹಕ್ಕಿಗೆ ಹೋಯಿತು.

ನಕಲು ಮಾಡಿಯೇ ಅಲ್ಲವೇ ಕೈ ಪಳಗುವುದು ಎಂದು ಪಾಲಕರು ಕೇಳುತ್ತಾರೆ. ಮೈಸೂರು ಶೈಲಿಯ ಚಿತ್ರ ಕಲಿಯುವವರು ಗುರುವಿನ ರೇಖೆಯನ್ನು ಎಷ್ಟೋ ಕಾಲ ತಿದ್ದುತ್ತಾರೆ, ನಿಜ. ಅವರೆದುರು ಒಂದು ಪರಂಪರೆ ಇರುತ್ತದೆ, ಯಾಕೆ ತಿದ್ದುತ್ತಿದ್ದೇವೆ ಎಂಬ ಅರಿವಿರುತ್ತದೆ. ಏಳು ವರ್ಷದ ಮಗುವಿಗೆ ವಿಡಿಯೊದ ಚಂದ್ರನನ್ನು ಬಾಯಿಪಾಠ ಮಾಡಿಸಿದರೆ ಅದು ಕಲಿಯುವುದು ಒಂದೇ: ತನ್ನ ಮನೆಯಂಗಳದಲ್ಲಿ ಇರುವುದು ಚಿತ್ರಕ್ಕೆ ಯೋಗ್ಯವಲ್ಲ ಎಂಬುದು.

ಸ್ಪರ್ಧೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ವಿಷಯವನ್ನು ಮೊದಲೇ ಹೇಳಬೇಡಿ. ‘ಪರಿಸರ ಉಳಿಸಿ’ ಎಂದರೆ ಎರಡು ಕೈ ಎತ್ತಿ ಹಿಡಿದ ಭೂಗೋಳವೇ ಬರುತ್ತದೆ. ‘ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ’ ಎಂದು ಅಲ್ಲೇ ಕೊಡಿ. ಒಂದು ತಾಸಿನಲ್ಲಿ ಇಡೀ ದೊಡ್ಡ ಹಾಳೆ ತುಂಬಲು ಹೇಳಬೇಡಿ, ಸಣ್ಣ ಹಾಳೆ ಸಾಕು. ತೀರ್ಪುಗಾರರು ಅಂಕ ಹಾಕುವ ಮುಂಚೆ ಮಗುವಿನ ಪಕ್ಕ ಕೂತು ‘ಇದು ಯಾರು, ಎಲ್ಲಿ’ ಎಂದು ಕೇಳಲಿ. ಮೂವರಿಗೆ ಕಪ್ ಕೊಡುವ ದುಡ್ಡಿನಲ್ಲಿ, ಆದಷ್ಟು ಮಕ್ಕಳಿಗೆ ಹನ್ನೆರಡು ಬಣ್ಣದ ಒಂದೊಂದು ಡಬ್ಬಿ ಕೊಟ್ಟು ಕಳಿಸಿ.